ನೀಲವ್ವನ ದನಿ

ಆ ಜ್ವರ ಬಂದು ಹೋದವರ ಗಂಟಲಲ್ಲಿ, ಅದನ್ನು ಅಂಟಿಸಿದವರ ದನಿ ಉಳಿದುಬಿಡುತ್ತಿತ್ತು. ಜ್ವರ ಬಂದರೂ ಹೆಚ್ಚಿನವರು ಯಾರಿಗೂ ಅಂಟಿಸುತ್ತಿರಲಿಲ್ಲ. ನೀಲವ್ವ ಮಾತ್ರ ಹೋದ ವರ್ಷ ಒಂದೇ ವಾರದಲ್ಲಿ ಇಡೀ ಓಣಿಗೆ ಅಂಟಿಸಿದ್ದಳು. ಪಕ್ಕದಲ್ಲೇ ಮಲಗುತ್ತಿದ್ದ ಗಂಡನಿಗೂ ಆರೈಕೆ ಮಾಡಿದ ಮಗಳು ಕಸ್ತೂರಿಗೂ ಏನೂ ಆಗಲಿಲ್ಲ.

ಇಂದು ನೀಲವ್ವನ ಹೆಣದ ಸುತ್ತ ಓಣಿಯವರೆಲ್ಲ ಬಾಯಿಗೆ ಸೆರಗು, ಟವೆಲ್ಲು ಒತ್ತಿಕೊಂಡು ಕೂತಿದ್ದರು. ಸತ್ತವರ ಮನೆಯಲ್ಲಿ ಸತ್ತವರ ದನಿ ತೆಗೆಯಬಾರದು.

ಕಸ್ತೂರಿಗೆ ತಡೆಯಲಾಗಲಿಲ್ಲ. "ಯಾರರ ಒಮ್ಮೆ ನನ್ನ ಹೆಸರು ಹಿಡಿದು ಕರೀರಿ," ಎಂದಳು.

ಹಾಲು ಮಾರುವ ಮಲ್ಲೇಶಿ ಮೀಸೆಯ ಮೇಲಿನ ಟವೆಲ್ಲು ಸರಿಸಿದ. "ಕಸ್ತೂರಿ, ಉಂಡಿಯೇನವಾ?"

ಬೆಳಗಿನಿಂದ ತುಟಿ ಬಿಚ್ಚದ ಅಪ್ಪ ಒಳಕೋಣೆಯಿಂದ ಉತ್ತರಿಸಿದ: "ಆಕಿ ಇನ್ನೂ ಉಂಡಿಲ್ಲ, ನೀಲವ್ವ. ಎದ್ದು ಬಡಸು."