ಹನ್ನೊಂದನೆಯ ಕೈ

ಸಂಜೆ ಆರು ಗಂಟೆ ಹತ್ತು ನಿಮಿಷ. ಮೈಸೂರಿನ ಸಭಾಂಗಣದಲ್ಲಿ ನಾನೂರು ಶ್ರೋತೃಗಳಿದ್ದರು. ಖುದ್ದಾಗಿ ಬಂದವರೆಂದು ಲೆಕ್ಕಕ್ಕೆ ಸಿಕ್ಕವರು ಹತ್ತೇ ಮಂದಿ, ಮೊದಲೆರಡು ಸಾಲುಗಳಲ್ಲಿ. ಉಳಿದವರು ಮನೆಯಲ್ಲೇ ಕೂತು ತಮ್ಮ ಬಿಂಬಗಳನ್ನು ಕಳಿಸಿದ್ದರು. ನೋಡಿದರೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಖುದ್ದಾಗಿ ಬಂದವರು ಹನ್ನೊಂದಕ್ಕಿಂತ ಕಡಿಮೆಯಾದರೆ ಗಾಯಕರನ್ನು ಕರೆಸುವ ಪರವಾನಗಿ ಅಂದೇ ರದ್ದಾಗುತ್ತಿತ್ತು.

"ಇನ್ನೊಂದ್ಸಲ ಎಣಿಸಿ ಮೇಡಂ," ಎಂದರು ಸಭೆಯ ಕಾರ್ಯದರ್ಶಿ ವಾಸುದೇವಯ್ಯ.

"ಮೂರು ಸಲ ಆಯ್ತು ಸ್ವಾಮಿ. ನಿಮ್ಮನ್ನೇ ಸೇರಿಸ್ಕೊಳ್ಳೋಣ ಅಂದ್ರೆ ನೀವು ಕಾರ್ಯದರ್ಶಿ," ಎಂದರು ಹಾಜರಿ ತಪಾಸಣೆಗೆ ಬಂದಿದ್ದ ನಾಗವೇಣಿ.

ಗಾಯಕಿ ಆದಿತಾಳದಲ್ಲಿ ಕೃತಿ ಎತ್ತಿಕೊಂಡರು. ಮುಂದಿನ ಸಾಲುಗಳ ಕೈಗಳು ತೊಡೆಯ ಮೇಲೆ ತಾಳ ಹಾಕತೊಡಗಿದವು. ಬಿಂಬಗಳ ಕೈಗಳು ಎಂದಿನಂತೆ ಅರ್ಧ ಕ್ಷಣ ತಡವಾಗಿ ಬಿದ್ದವು. ಏಳನೆಯ ಸಾಲಿನಲ್ಲಿ ಒಬ್ಬ ವೃದ್ಧೆಯ ಕೈ ಮಾತ್ರ ತಡವಾಗಲಿಲ್ಲ.

ನಾಗವೇಣಿ ಹೋಗಿ, ಆ ವೃದ್ಧೆಯ ಬಳಿ ಬಗ್ಗಿದರು. "ಅಮ್ಮಾ, ನೀವೇ ಬಂದಿದ್ದೀರಾ?"

"ಮತ್ತೆ? ಎರಡು ಬಸ್ಸು ಬದಲಾಯಿಸಿ ಬಂದೆ."

"ಬಂದೋರು ಮುಂದೆ ಕೂರಬೇಕು ಅಂತ ಬೋರ್ಡ್ ಇದೆಯಲ್ಲ."

"ಮೂವತ್ತು ವರ್ಷದಿಂದ ಇದೇ ಕುರ್ಚಿ ನಂದು. ಸುಮ್ನಿರಿ, ತಾಳ ತಪ್ಪತ್ತೆ."

ನಾಗವೇಣಿ ಹನ್ನೊಂದು ಎಂದು ಬರೆದು ಸಹಿ ಹಾಕಿದರು.

ಮರುದಿನ ವಾಸುದೇವಯ್ಯ ಆ ಬೋರ್ಡು ತೆಗೆಸಿ, ಯಾರು ಎಲ್ಲಿ ಬೇಕಾದರೂ ಕೂರಬಹುದು ಎಂದು ಪ್ರಕಟಿಸಿದರು. ಆ ಸಂಜೆ ಹತ್ತೊಂಬತ್ತು ಮಂದಿ ಖುದ್ದಾಗಿ ಬಂದು ತಮ್ಮ ಹಳೆಯ ಕುರ್ಚಿಗಳಲ್ಲಿ ಕೂತರು. ತಾಳ ನೋಡಿ ಅವರನ್ನು ಎಣಿಸಿ ಮುಗಿಸಲು ನಾಗವೇಣಿಗೆ ಎರಡು ಕೃತಿಗಳಷ್ಟು ಹೊತ್ತು ಹಿಡಿಯಿತು.