ಚಾವಡಿಯಲ್ಲಿ ಈಜುಗಾರ

ಜಮಾದಾರ ಎರ್ರೆಪ್ಪ ಚಾವಡಿಗೆ ಬೀಗ ಜಡಿದು, ಒಳಗಿದ್ದ ಗಾದೆಪ್ಪನನ್ನು ಕಿಟಕಿಯಿಂದ ನೋಡಿ ನಕ್ಕ.

"ಲೇ, ಈಗ ಈಜು, ನೋಡ್ತೀನಿ."

೧೯೪೨ರ ಮಳೆಗಾಲ. ಚಳವಳಿಯಲ್ಲಿ ಟೆಲಿಗ್ರಾಫ್ ತಂತಿ ಕತ್ತರಿಸಿದ ಮೇಷ್ಟ್ರು ಮೈಲಾರಲಿಂಗಪ್ಪ ಕೆಂಚನಗುಡ್ಡ ಊರೊಳಗೇ ಎಲ್ಲೋ ಅಡಗಿದ್ದರು. ತುಂಗಭದ್ರೆ ದಾಟಿದರೆ ನಿಜಾಮನ ಸೀಮೆ. ಈ ಪೊಲೀಸರ ಕೈ ಅಲ್ಲಿಗೆ ಮುಟ್ಟದು. ಸಂಜೆಗೆ ಬಳ್ಳಾರಿಯಿಂದ ಪಡೆ ಬಂದು ಮನೆಮನೆ ಜಾಲಾಡಲಿತ್ತು. ಹರಿಗೋಲುಗಳೆಲ್ಲ ಕಾವಲಿನಲ್ಲಿದ್ದವು. ಮೇಷ್ಟ್ರಿಗೆ ಈಜು ಬಾರದು. ಗಾದೆಪ್ಪನೊಬ್ಬನನ್ನು ಕೂಡಿಹಾಕಿದರೆ ಅವರು ಬೋನಿಗೆ ಬಿದ್ದಂತೆಯೇ ಎಂಬುದು ಜಮಾದಾರನ ಲೆಕ್ಕ.

ಗಾದೆಪ್ಪ ಕುರುಗೋಡಿನವನು. ಬಳ್ಳಾರಿಯ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದು, ಅಲ್ಲೇ ಮದುವೆಯಾಗಿ, ಹೆಂಡತಿ ಊರಮ್ಮನನ್ನೂ ಈಜುಪಂದ್ಯದ ಬೆಳ್ಳಿ ಪದಕವನ್ನೂ ತಂದು ಇಲ್ಲಿ ನೆಲೆಸಿದ. ಗೋಡೆಯ ಪದಕ ಕಂಡವರೆಲ್ಲ ಅವನ ಬೆನ್ನು ತಟ್ಟುತ್ತಿದ್ದರು. ಅವನು ತಲೆ ತಗ್ಗಿಸುತ್ತಿದ್ದ. ಎಂಥ ವಿನಯ ಎಂದು ಊರು ಇನ್ನಷ್ಟು ಹೊಗಳುತ್ತಿತ್ತು. ಆ ಹೊಗಳಿಕೆ ಈಗ ಕೊರಳಿಗೆ ಉರುಳಾಗಿತ್ತು.

ಚಾವಡಿಯೊಳಗೆ ಉಸಿರುಗಟ್ಟುವ ಸೆಕೆ. ಹೊಳೆ ಮೊರೆದಾಗಲೆಲ್ಲ ಗಾದೆಪ್ಪ ಎದ್ದು ಕಿಟಕಿಯ ಸರಳು ಹಿಡಿಯುತ್ತಿದ್ದ. ಹೊಳೆ ಕಾಣದು. ಅವನಿಗೆ ಅಳು ಬಂತು.

"ಹೊಳಿ ಭಾಳ ಏರೈತೇನ್ರಿ?"

"ಏರಿದ್ರ ನಿನಗೇನಲೇ? ದಂಡಿ ತುಂಬ ನಮ್ಮೋರು ಅದಾರ. ಹೆಂಗಸರ ಮಡು ಒಂದು ಬಿಟ್ಟು." ಎರ್ರೆಪ್ಪ ಮೀಸೆ ತಿರುವಿದ. "ಇವತ್ತು ಶುಕ್ರವಾರ. ತಲಿ ಎರಕೊಳ್ಳೋರ ಮುಂದ ನಿಲ್ಲಾಕ ನಮಗೂ ಮಾನ ಐತಿ."

ಮಧ್ಯಾಹ್ನ ಊರಮ್ಮ ಬುತ್ತಿ ತಂದಳು. ಕೂದಲಿನಿಂದ ಇನ್ನೂ ನೀರು ಸೋರುತ್ತಿತ್ತು. ಬುತ್ತಿ ಇಳಿಸಿದವಳೇ ಗೋಡೆಗೆ ಒರಗಿ ನಿಂತಳು. ಹೆಣ್ಣುಜೀವ, ಹೆದರಿದೆ ಎಂದು ಎರ್ರೆಪ್ಪನಿಗೂ ಕನಿಕರವಾಯಿತು.

"ತಡ ಆತು," ಎಂದಳು ಗಂಡನಿಗೆ. "ಕೆಲಸ ಎಲ್ಲಾ ಮುಗಿಸಿ ಬಂದೆ."

ಗಾದೆಪ್ಪ ಸರಳಿಗೆ ಹಣೆ ಒರಗಿಸಿ ಕಣ್ಣು ಮುಚ್ಚಿದ.

ಅಷ್ಟರಲ್ಲಿ ಪೇದೆ ಓಡಿ ಬಂದ. ಸೀರೆಯುಟ್ಟ ಮೇಷ್ಟ್ರು ಆಚೆ ದಂಡೆ ಹತ್ತಿ ಸೆರಗು ಬೀಸಿ ಹೋದರಂತೆ. ಎರ್ರೆಪ್ಪನ ಮುಖ ಸುಣ್ಣವಾಯಿತು. ಹೆಂಗಸರ ನಡುವೆ ನುಸುಳಿದ್ದು ಸರಿ, ಆ ನೆರೆಯಲ್ಲಿ ಎಳೆದೊಯ್ದವನು ಯಾರು? ಈಜುಗಾರನಂತೂ ಬೀಗದೊಳಗೇ ಇದ್ದ. ಅದಕ್ಕೆ ಜಮಾದಾರನೇ ಸಾಕ್ಷಿ. ಹಲ್ಲು ಕಡಿಯುತ್ತ ಬಾಗಿಲು ತೆರೆದ.

ಗಂಡ ಹೆಂಡತಿ ಮನೆಯತ್ತ ನಡೆದರು. ಓಣಿ ತಿರುಗಿದ ಮೇಲೆ ಗಾದೆಪ್ಪ ಮೆಲ್ಲಗೆ ಅಂದ:

"ಬಳ್ಳಾರಿಯಾಗ ಪದಕ ಗೆದ್ದಾಕಿ ನೀನು, ಸೆರಿ ಬಿದ್ದಾಂವ ನಾನು. ಇನ್ನಾದ್ರೂ ನನಗೊಂದೀಟು ಈಜು ಕಲಿಸು."