ನಮಗೇನೂ ಕಮ್ಮಿ ಇಲ್ಲ

ಸ್ಕಾಲರ್‌ಶಿಪ್ಪಿಗೆ ಆದಾಯ ಪ್ರಮಾಣಪತ್ರ ಕೇಳುವುದನ್ನು ಬಿಟ್ಟು, ಮನೆಯ ಸಾಮಾನುಗಳನ್ನೇ ಮಾತಾಡಿಸಿ ವಿಚಾರಿಸುವ ಕಾಲ ಬಂದಿತ್ತು. ಮನುಷ್ಯರು ಸುಳ್ಳು ಹೇಳುತ್ತಾರೆ, ಸಾಮಾನು ಹೇಳುವುದಿಲ್ಲ ಅಂತ ಸರ್ಕಾರದ ನಂಬಿಕೆ. ಈ ಹಣ ಬರದಿದ್ದರೆ ಸಿಂಚನಾ ಕೈಗೆ ಬಂದ ನರ್ಸಿಂಗ್ ಸೀಟು ಬಿಡಬೇಕಿತ್ತು. ಅದಕ್ಕೇ ಬೆಳಿಗ್ಗೆಯಿಂದ ಫ್ರಿಜ್ಜಿಗೆ ಪಾಠ ಹೇಳಿಕೊಟ್ಟಿದ್ದಳು.

"ನಾವು ಬಡವರು ಅನ್ನು, ಸಾಕು."

ಸ್ಕಾಲರ್‌ಶಿಪ್ ಸಾಹೇಬರು ಬಂದು ಕೂತದ್ದೇ ತಡ, ಫ್ರಿಜ್ಜು ಗಂಟಲು ಸರಿಮಾಡಿಕೊಂಡು, "ಬನ್ನಿ ಸಾರ್, ದೇವ್ರ ದಯದಿಂದ ನಮಗೇನೂ ಕಮ್ಮಿ ಇಲ್ಲ!" ಅಂದುಬಿಟ್ಟಿತು.

ಸಿಂಚನಾ ಅಮ್ಮನ ಕಡೆ ತಿರುಗಿದಳು. ಯಾವ ನೆಂಟರು ಬಂದರೂ ಅಮ್ಮ ರೇಣುಕಮ್ಮ ಹೇಳುವ ಮಾತು ಅದು. ಕೇಳಿ ಕೇಳಿ ಫ್ರಿಜ್ಜಿಗೂ ಬಾಯಿಪಾಠವಾಗಿತ್ತು.

"ನೋಡಮ್ಮಾ ನಿನ್ ಶಿಷ್ಯನ್ನ!" ಎಂದು ಪಿಸುಗುಟ್ಟಿದಳು.

"ಬಂದೋರ ಮುಂದೆ ಇನ್ನೇನೇ ಹೇಳ್ಬೇಕು?" ಅಂದಳು ಅಮ್ಮ.

ಸಾಹೇಬರು ಫ್ರಿಜ್ಜಿನ ಬಾಗಿಲು ತೆಗೆದರು. ಒಳಗೆ ಪಾತ್ರೆ ತುಂಬ ದೋಸೆಹಿಟ್ಟು, ಒಂದು ಡಬ್ಬಿ ಬಾದಾಮಿ. "ಪರವಾಗಿಲ್ವೇ!" ಎಂದು ಹುಬ್ಬೇರಿಸಿದರು.

"ಅಯ್ಯೋ, ಹಿಟ್ಟು ಎದುರುಮನೆಯೋರ್ದು ಸಾರ್. ಬಾದಾಮಿ ಓನರಮ್ಮಂದು, ಅವರ ಫ್ರಿಜ್ಜಿಗೆ ಹುಷಾರಿಲ್ಲ," ಅಂದಿತು ಫ್ರಿಜ್ಜು. ಇನ್ನೊಬ್ಬರ ಸಾಮಾನನ್ನು ನಮ್ಮದು ಅನ್ನಬಾರದು ಎಂಬುದೂ ರೇಣುಕಮ್ಮನ ಪಾಠವೇ.

"ಮತ್ತೆ ನಿಮ್ಮದೇನಪ್ಪಾ?"

ಫ್ರಿಜ್ಜು ಸ್ವಲ್ಪ ಹೊತ್ತು ಗುರ್ ಎಂದಿತು.

"ತಣ್ಣೀರು ಸಾರ್. ಕುಡೀತೀರಾ?"

ಸಾಹೇಬರು ಒಂದು ಲೋಟ ಕುಡಿದು, ಸಿಂಚನಾಳ ಅರ್ಜಿಗೆ ಸಹಿ ಹಾಕಿ ಎದ್ದರು.

"ಊಟ ಮಾಡ್ಕೊಂಡೇ ಹೋಗ್ಬೋದಿತ್ತು," ಅಂದಳು ರೇಣುಕಮ್ಮ ಎಂದಿನಂತೆ.

ಫ್ರಿಜ್ಜು ಮಾತ್ರ ಈ ಸಲ ಬಾಯಿ ಬಿಡಲಿಲ್ಲ.